ಶೇಂಗಾ ಸೀಮೆಯ ಸೀಸದ ಗುಂಡು

ಅಗರಖೇಡ

ನಮ್ಮ ಅವ್ವನಿಗೆ ದೂರದ ಲೆಕ್ಕ ಒಂದೇ. ಮಗ ಮದುವೆಗೆಂದು ಮುದ್ದೇಬಿಹಾಳಕ್ಕೆ ಹೋಗಲಿ, ಅಮೆರಿಕಕ್ಕೇ ಹೋಗಲಿ, ಮುಟ್ಟಿದ ಸುದ್ದಿ ಬರುವವರೆಗೆ ಅವಳ ಗಂಟಲಲ್ಲಿ ರೊಟ್ಟಿ ಇಳಿಯುವುದಿಲ್ಲ. ಅವಳು ಬಸವನ ಬಾಗೇವಾಡಿಯ ಮಗಳು. ಅವಳ ತವರಿನಲ್ಲಿ ಯಾರೇ ಊರಿಗೆ ಹೊರಟರೂ ಬುತ್ತಿಯ ಜೊತೆಗೆ ಮನೆಯ ವಿಳಾಸ ಬರೆದ ಒಂದು ಕಾರ್ಡನ್ನೂ ಕಟ್ಟಿಕೊಡುವುದು ರೂಢಿ. ಬಸ್ಸಿನಿಂದ ಇಳಿದವರು ಮೊದಲು ಅದನ್ನು ಟಪಾಲು ಡಬ್ಬಿಗೆ ಹಾಕಬೇಕು, ಆಮೇಲೆ ಕಾಲು ತೊಳೆಯಬೇಕು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಧಾರವಾಡದಲ್ಲಿ ಕೃಷಿ ಓದಿ ಬಂದು ಇಂಡಿ ತಾಲೂಕಿನ ನಮ್ಮೂರು ಅಗರಖೇಡದಲ್ಲಿ ಅಪ್ಪನ ನಿಂಬೆ ತೋಟ ನೋಡಿಕೊಳ್ಳುತ್ತಿದ್ದ ನನ್ನ ಹೆಸರು, ಯುವ ರೈತರನ್ನು ಹೊರದೇಶಕ್ಕೆ ಕಳಿಸುವ ಒಂದು ಯೋಜನೆಯಲ್ಲಿ ಬಂದಿತ್ತು. ಹೆಂಡತಿ ಶಾಂತಾ ಚೊಚ್ಚಲ ಹೆರಿಗೆಗೆ ಸಿಂದಗಿಯ ತವರಿಗೆ ಹೋಗಿದ್ದಳು. ಹೋಗಲೋ ಬೇಡವೋ ಎಂದು ನಾನು ಅವಳ ಮುಂದೆ ಕುಳಿತು ಗೊಣಗಿದಾಗ ಅವಳು ಒಂದೇ ಮಾತಿನಲ್ಲಿ ಮುಗಿಸಿದಳು.

"ಹೋಗಿ ಬರ್ರಿ. ಕೂಸೇನು ಎಲ್ಲಿಗೂ ಓಡಿ ಹೋಗೂದಿಲ್ಲ. ನೀವs ಲಗೂನ ಬರ್ರಿ."

ಹೊರಡುವ ದಿನ ಅವ್ವ ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿಯ ಡಬ್ಬಿ, ಒಣಗಿದ ಕಟಿ ರೊಟ್ಟಿ, ವಿಭೂತಿ ಗಟ್ಟಿ ಕೊಟ್ಟಳು. ಜೊತೆಗೆ ಕಾರ್ಡು. ನಾನು ಅದನ್ನು ಜೋಪಾನವಾಗಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಅಮೆರಿಕದವರೆಗೆ ಒಯ್ದು, ಇಳಿದ ಕೂಡಲೇ ವಿಮಾನ ನಿಲ್ದಾಣದ ನೀಲಿ ಡಬ್ಬಿಗೆ ಹಾಕಿದೆ. ಕೆಲಸ ಮುಗಿಯಿತೆಂದು ನಿಟ್ಟುಸಿರನ್ನೂ ಬಿಟ್ಟೆ. ಅದು ಭಾರತದ ಟಪಾಲು ಕಾರ್ಡು, ಅದರ ಮೇಲೆ ಭಾರತದ ಮುದ್ರೆ, ಅಮೆರಿಕದವರು ಅದನ್ನು ಯಾಕೆ ಹೊತ್ತು ತಿರುಗುತ್ತಾರೆ ಎಂಬುದು ಹೊಳೆದದ್ದು ಬಹಳ ದಿನಗಳ ಮೇಲೆ. ಪದವಿ ಇದ್ದರೇನು, ಅವ್ವ ಕೈಗೆ ಕೊಟ್ಟದ್ದಕ್ಕೆ ಬುದ್ಧಿ ಓಡಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ವರ್ಜೀನಿಯಾದ ಕೆಂಪು ನೆಲ

ನಿಂಬೆಯ ಬಗ್ಗೆ ಕಲಿಯಲು ಹೋದವನನ್ನು ಅವರು ನಿಂಬೆಯೇ ಬೆಳೆಯದ ಸೀಮೆಗೆ ಹಾಕಿದರು. ವರ್ಜೀನಿಯಾದ ಆ ಭಾಗದಲ್ಲಿ ಕಣ್ಣು ಹಾಯಿಸಿದಷ್ಟೂ ಶೇಂಗಾ. ನಮ್ಮ ಕರಿ ಎರೆ ಹೊಲ ನೋಡಿ ಬೆಳೆದವನಿಗೆ ಆ ಕೆಂಪು ನೆಲ ಹೊಸದು. ಆದರೆ ಬಳ್ಳಿಯ ಹಳದಿ ಹೂವು ನೋಡಿದಾಗ ಎದೆ ತಣ್ಣಗಾಯಿತು. ನನ್ನನ್ನು ಇಟ್ಟುಕೊಂಡ ರೈತನ ಹೆಸರು ವಾಲ್ಟರ್. ಎಪ್ಪತ್ತು ದಾಟಿದ, ಹೆಂಡತಿ ತೀರಿಕೊಂಡ, ಅಡುಗೆ ತಾನೇ ಮಾಡಿಕೊಳ್ಳುವ ಎತ್ತರದ ಮನುಷ್ಯ. ಹುರಿದ ಶೇಂಗಾ ಬೀಜವನ್ನು ಮುಷ್ಟಿ ತುಂಬ ತೆಗೆದುಕೊಂಡು ತಂಪು ಪಾನೀಯದ ಬಾಟಲಿಯೊಳಗೆ ಸುರಿದು, ಕುಡಿಯುತ್ತ ಅಗಿಯುತ್ತ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮೊದಲ ದಿನ ನನಗೂ ಹಾಗೆಯೇ ಕೊಟ್ಟ. ಬೀಜ ಗಂಟಲಲ್ಲಿ ಸಿಕ್ಕಿ ನಾನು ಕೆಮ್ಮಿದ ಕೆಮ್ಮಿಗೆ ಅವನ ನಾಯಿ ಎದ್ದು ಹೊರಗೆ ಹೋಯಿತು. ಪ್ರತಿಯಾಗಿ ನಾನು ಅವ್ವನ ಶೇಂಗಾ ಹಿಂಡಿ ಕೊಟ್ಟೆ. ಬಾಯಿಗಿಟ್ಟುಕೊಂಡವನು ಮುಖ ಕೆಂಪು ಮಾಡಿಕೊಂಡು ನೀರಿನ ನಳದ ಕಡೆ ಓಡಿದ. ಅಲ್ಲಿಗೆ ಸರಿಸಮ ಆಯಿತು.

ಇಲ್ಲೊಂದು ಮಾತು ಹೇಳಿಬಿಡಬೇಕು. ವಾಲ್ಟರ್ ಮತ್ತು ಅವನ ಅಕ್ಕ ಆಡುತ್ತಿದ್ದದ್ದು ಪುಸ್ತಕದ ಇಂಗ್ಲಿಷ್ ಅಲ್ಲ. ಹಳ್ಳಿಯ ಇಂಗ್ಲಿಷ್, ಬೀಸಿ ಒಗೆದಂತೆ ಬರುವ ಮಾತು. ಅದನ್ನು ನಯವಾದ ಕನ್ನಡದಲ್ಲಿ ಬರೆದರೆ ಅವರು ಅವರಾಗಿ ಉಳಿಯುವುದಿಲ್ಲ. ಅದಕ್ಕೆ ನಮ್ಮ ಇಂಡಿ ಕಡೆಯ ಮಾತಿಗೇ ಇಳಿಸಿದ್ದೇನೆ.

ವಾಲ್ಟರನ ಅಡುಗೆಮನೆಯ ಕಿಟಕಿಯಲ್ಲಿ ಒಂದು ತಂಬಾಕಿನ ಡಬ್ಬಿ ಇತ್ತು. ಒಂದು ಸಂಜೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿದ. ಮೊಳೆ, ಗುಂಡಿ, ಮೀನಿನ ಗಾಳದ ನಡುವೆ ಬೂದು ಬಣ್ಣದ ಸೀಸದ ಗುಂಡುಗಳು ಉರುಳಿದವು. ಬಂದೂಕಿನ ಗುಂಡುಗಳು. ಕೆಲವನ್ನು ಯಾರೋ ಚಾಕುವಿನಿಂದ ಕೆತ್ತಿದ್ದರು. ಒಂದು ಚದುರಂಗದ ಆನೆಯ ಹಾಗೆ, ಒಂದು ಪಗಡೆಯ ದಾಳದ ಹಾಗೆ ಇತ್ತು. ಕೆಲವು ಮಣ್ಣು ಮೆತ್ತಿ ಏನೆಂದು ತಿಳಿಯುವಂತಿರಲಿಲ್ಲ.

ನಮ್ಮಲ್ಲಿ ಸಾವಿರದ ಎಂಟುನೂರ ಐವತ್ತೇಳರ ದಂಗೆ ಆರಿದ ಕೆಲವೇ ವರ್ಷಗಳಿಗೆ ಅವರಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿತ್ತು. ಮನುಷ್ಯರನ್ನು ದನದಂತೆ ಕೊಂಡು ಮಾರುವ ಪದ್ಧತಿ ಉಳಿಯಬೇಕೋ ಅಳಿಯಬೇಕೋ ಎಂಬುದೇ ಆ ಜಗಳದ ಬೇರು. ವಾಲ್ಟರನ ಅಜ್ಜ ದಕ್ಷಿಣದ ಸೈನ್ಯದಲ್ಲಿದ್ದ. ಚಳಿಗಾಲದಲ್ಲಿ ಯುದ್ಧ ನಿಲ್ಲಿಸಿ ಸಿಪಾಯಿಗಳು ಕಾಡಿನಲ್ಲಿ ಗುಡಿಸಲು ಹಾಕಿಕೊಂಡು ಕೂರುತ್ತಿದ್ದರಂತೆ. ಮಾಡಲು ಕೆಲಸವಿಲ್ಲ, ಕೈಯಲ್ಲಿ ಚಾಕು, ಚೀಲದ ತುಂಬ ಮೆತ್ತನೆಯ ಸೀಸ. ಕೆತ್ತದೆ ಇನ್ನೇನು ಮಾಡಿಯಾರು? ಅಜ್ಜನಿಗೆ ಗಂಡುಮಗು ಹುಟ್ಟಿದ ಸುದ್ದಿ ಅಲ್ಲಿಗೆ ಮುಟ್ಟಿತು. ಮಗುವಿನ ಮುಖ ನೋಡುವ ಮೊದಲೇ ಅಲ್ಲಿಯೇ ಜ್ವರ ಬಂದು ಅವನು ತೀರಿಕೊಂಡ.

"ಅವನ ಜೋಡಿ ಇದ್ದ ಸಿಪಾಯಿ ಒಬ್ಬ ಯುದ್ಧ ಮುಗದ ಮ್ಯಾಲೆ ನಮ್ಮ ಅಜ್ಜಿ ಮುಂದ ಬಂದು ಹೇಳಿದ್ನಂತ," ಎಂದ ವಾಲ್ಟರ್. "'ಒರತಿ ಬಾಜೂಕ ಎರಡನೇ ಗುಡಿಸಲು ನಮ್ಮದಿತ್ತು. ಸಾಯೂ ತನಕ ಕೂಸಿಗಂತ ಏನೋ ಕೆತ್ತತಿದ್ದ. ಏನಂತ ಕೇಳಿದ್ರ ನಗತಿದ್ದ' ಅಂತ. ಅಷ್ಟs. ಆ ಕೂಸು ನಮ್ಮಪ್ಪ. ಮುದುಕಾಗಿ ಸಾಯೂ ತನಕ ಅದೇನಂತ ಕೇಳತಿದ್ದ. ಈಗ ನಮ್ಮಕ್ಕ ಕ್ಲಾರಾ ಕೇಳ್ತಾಳ. ಆಕಿಗೂ ಎಂಬತ್ತು ದಾಟೇತಿ. ಕಣ್ಣು ಮುಚ್ಚೂದ್ರಾಗ ಒಮ್ಮಿ ತೋರಿಸು ಅಂತಾಳ."

ಮಗುವಿಗೆಂದು ಕೆತ್ತಿದ್ದು ಏನು? ಮನೆಯಲ್ಲಿ ನನ್ನದೂ ಒಂದು ಮಗು ಹುಟ್ಟುವುದರಲ್ಲಿತ್ತು. ಆ ಪ್ರಶ್ನೆ ಅವತ್ತಿನಿಂದ ನನ್ನದೂ ಆಯಿತು.

ಒರತೆಯ ಬದಿ

ಆ ಹಳೆಯ ಬೀಡು ಇದ್ದ ಕಾಡು ವಾಲ್ಟರನ ಮನೆಯಿಂದ ಅಗರಖೇಡದಿಂದ ಸಿಂದಗಿಗೆ ಇರುವಷ್ಟು ದೂರ, ಒಂದೆರಡು ತಾಸಿನ ದಾರಿ. ಜಾಗದ ಮಾಲೀಕ ಪರಿಚಿತನಾದ್ದರಿಂದ ಅಗೆಯಲು ತಕರಾರಿರಲಿಲ್ಲ. ವಾಲ್ಟರನ ಮಗ ಅಪ್ಪನಿಗೆಂದು ಲೋಹ ಹುಡುಕುವ ಯಂತ್ರ ಕೊಡಿಸಿದ್ದ. ಕೋಲಿನ ತುದಿಗೆ ತಟ್ಟೆ ಸಿಕ್ಕಿಸಿದಂಥ ಸಾಧನ. ನೆಲದ ಮೇಲೆ ಆಡಿಸುತ್ತ ಹೋದರೆ ಕಬ್ಬಿಣ, ಸೀಸ, ಬೆಳ್ಳಿ ಏನು ಸಿಕ್ಕರೂ ಕುಂಯ್ ಎನ್ನುತ್ತದೆ. ನಾನು ಸಣ್ಣ ಸನಿಕೆ ಹಿಡಿದು ಹಿಂದೆ ಹೋಗುವವನು.

ಒರತೆ ಇನ್ನೂ ಇತ್ತು. ಅದರ ಪಕ್ಕ ಒಂದರ ಆಚೆ ಒಂದು ತಗ್ಗು, ಒಂದೊಂದೂ ಒಂದು ಗುಡಿಸಲಿನ ಗುರುತು. ಎರಡನೇ ತಗ್ಗಿನಲ್ಲಿ ಸುಟ್ಟ ಕಲ್ಲುಗಳ ಹಳೆಯ ಒಲೆ. ಅಲ್ಲಿ ನಾನು ಮೊಣಕಾಲೂರಿ ಬಾಗಿದ ಕೂಡಲೇ ಯಂತ್ರ ಕಿರುಚಿಕೊಂಡಿತು. ವಾಲ್ಟರನ ಕಣ್ಣುಗಳು ಅರಳಿದವು. ನಾನು ಅಗೆದೆ. ಏನೂ ಇಲ್ಲ. ಪಕ್ಕಕ್ಕೆ ಸರಿದೆ, ಯಂತ್ರ ಅಲ್ಲಿಯೂ ಕಿರುಚಿತು. ಅಲ್ಲಿಯೂ ಅಗೆದೆ. ನಾನು ಎಲ್ಲಿಗೆ ಸರಿದರೂ ನೆಲದ ತುಂಬ ಬೆಳ್ಳಿ ಇದ್ದ ಹಾಗೆ!

"ಏ ಮಲ್, ಎದಿಯೊಳಗ ಏನ ಇಟ್ಕೊಂಡೀಯೋ ನೀ?" ಎಂದ ವಾಲ್ಟರ್. ನನ್ನ ಹೆಸರನ್ನು ಅವನು ಅಷ್ಟಕ್ಕೇ ಮೊಟಕು ಮಾಡಿಕೊಂಡಿದ್ದ.

ಆಗ ತಿಳಿಯಿತು. ಬಾಗಿದಾಗ ಅಂಗಿಯಿಂದ ಹೊರಬಿದ್ದು ಜೋತಾಡುತ್ತಿದ್ದ ನನ್ನ ಕರಡಿಗೆಗೆ ಯಂತ್ರ ಕೂಗುತ್ತಿತ್ತು. ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ ನಮ್ಮ ಕಡೆಯವರಿಗೆ ಅಂಗಿಯ ಗುಂಡಿಯಷ್ಟೇ ಸಹಜ. ಅದು ಮೈಮೇಲಿದೆ ಎಂಬುದೇ ನೆನಪಿರುವುದಿಲ್ಲ. ಸನಿಕೆ ಕೆಳಗಿಟ್ಟು ಅವನಿಗೆ ವಿವರಿಸಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಎಡಗೈ ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮಾಡುವುದು, ವಿಭೂತಿ ಹಚ್ಚುವುದು, ಗುಡಿಯಲ್ಲಾದರೆ ಪೀಠದ ಮೇಲೆ ನಿಲ್ಲಿಸಿದ ದೊಡ್ಡ ಲಿಂಗ ಇರುವುದು, ಎಲ್ಲ. ವಾಲ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಕೇಳಿದ.

ಕರಡಿಗೆಯನ್ನು ಬೆನ್ನ ಕಡೆಗೆ ತಿರುಗಿಸಿಕೊಂಡು ಮತ್ತೆ ಬಾಗಿದೆ. ಯಂತ್ರ ಈಗ ಸಣ್ಣಗೆ ಕುಂಯ್‌ಗುಟ್ಟಿತು. ಒಲೆಕಲ್ಲಿನ ಸಂದಿಯಲ್ಲಿ ಮಣ್ಣು ಮೆತ್ತಿದ ಒಂದು ಗುಂಡು ಸಿಕ್ಕಿತು. ಅದರ ಹತ್ತಿರವೇ ಒಂದು ಚಪ್ಪಟೆ ಸೀಸದ ಬಿಲ್ಲೆ, ನಡುವೆ ತೂತು. ವಾಲ್ಟರ್ ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ಎದೆಯ ಕಿಸೆಯಲ್ಲಿಟ್ಟುಕೊಂಡ. ಹಿಂದಿರುಗುವ ದಾರಿಯಲ್ಲಿ ಅವನು ಒಂದೂ ಶೇಂಗಾ ತಿನ್ನಲಿಲ್ಲ.

ಚರ್ಚಿನ ನೆಲಮಾಳಿಗೆ

ಹೀಗೆ ಅಗೆಯುವ ಹವ್ಯಾಸಿಗಳೆಲ್ಲ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತಿದ್ದರು. ಮೇಜಿನ ಮೇಲೆ ಬಟ್ಟೆ ಹಾಸಿ, ತಾವು ಹುಡುಕಿದ್ದನ್ನು ಹರವಿ, ಪಕ್ಕದವನದ್ದು ತನ್ನದಕ್ಕಿಂತ ಚಿಕ್ಕದೇ ಎಂದು ಓರೆಗಣ್ಣಿನಲ್ಲಿ ನೋಡುವುದು. ಇಂಡಿಯ ಸಂತೆಯಲ್ಲಿ ನಿಂಬೆಹಣ್ಣಿನ ರಾಶಿ ಮುಂದಿಟ್ಟುಕೊಂಡು ಕೂತವರ ಮುಖವೂ ಹೀಗೆಯೇ ಇರುತ್ತದೆ. ಅಲ್ಲಿ ಎಲ್ಲರೂ ನಂಬುವ ಪರೀಕ್ಷಕರು ಹೂಪರ್ ಎಂಬ ನಿವೃತ್ತ ಮಾಸ್ತರರು. ಮೃದು ಮಾತಿನ, ಆತುರವಿಲ್ಲದ ಮನುಷ್ಯ. ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಗುಂಡಿನ ಮಣ್ಣು ಬಿಡಿಸಿ, ಭೂತಗನ್ನಡಿ ಹಿಡಿದು ನನಗೆ ತೋರಿಸಿದರು.

ಸೀಸ ಹಳೆಯದಾದಂತೆ ಮೇಲೆ ಬಿಳಿಯ ಪದರ ಕಟ್ಟುತ್ತದೆ. ಚಾಕು ಎಳೆದ ಗೆರೆಯ ಒಳಗೂ ಆ ಬಿಳಿ ಇದ್ದರೆ ಕೆತ್ತನೆ ಆ ಕಾಲದ್ದು. ಗೆರೆ ಹೊಳೆಯುತ್ತಿದ್ದರೆ ಮೊನ್ನೆ ನೇಗಿಲೋ ಸನಿಕೆಯೋ ತಾಗಿದ್ದು. ಒಬ್ಬಾತ ಹಲ್ಲಿನ ಗುರುತಿದ್ದ ಗುಂಡನ್ನು ತಂದು, ಕಾಲು ಕತ್ತರಿಸುವಾಗ ಸಿಪಾಯಿ ನೋವಿಗೆ ಕಚ್ಚಿದ್ದು ಇದು ಎಂದು ಉಬ್ಬಿದ್ದ. ಹೂಪರ್ ನೋಡಿ, ಹಂದಿ ಅಗಿದದ್ದು ಎಂದು ಮೆಲ್ಲಗೆ ಹೇಳಿದರು. ಆತನ ಮುಖ ಬಾಡಿತು. ಹಂದಿಯ ಹಲ್ಲಿಗೂ ಇತಿಹಾಸವಿದೆ ಎಂದು ಹೂಪರರೇ ಸಮಾಧಾನ ಮಾಡಿದರು.

ವಾಲ್ಟರನ ಸರದಿ ಬಂತು. ಅವನ ದೊಡ್ಡ ಕೈಗಳು ಮೇಜಿನ ಅಂಚು ಹಿಡಿದಿದ್ದವು. ಒರತೆಯ ಗುಂಡನ್ನು ಹೂಪರ್ ಬಹಳ ಹೊತ್ತು ತಿರುಗಿಸಿದರು. ಕೆತ್ತನೆ ಹಳೆಯದು, ಅನುಮಾನವಿಲ್ಲ. ಚದುರಂಗದ ಕಾಲಾಳು, ಪೂರ್ತಿಯಾಗದ್ದು, ಎಂದರು. ತೂತಿನ ಬಿಲ್ಲೆಯನ್ನು ಗುಂಡಿಗಳ ಸಾಲಿಗೆ ಸರಿಸಿದರು.

"ಕೂಸಿಗೆ ಚದುರಂಗ ಯಾರ ಕೆತ್ತತಾರ?" ಎಂದ ವಾಲ್ಟರ್. ಅವನು ಎಲ್ಲವನ್ನೂ ಮತ್ತೆ ತಂಬಾಕಿನ ಡಬ್ಬಿಗೆ ಬಳಿದು ಹಾಕಿಕೊಂಡ.

ಕ್ಲಾರಾ ಅವರ ಪಡಸಾಲೆ

ಮರುದಿನ ಭಾನುವಾರ. ಮಧ್ಯಾಹ್ನದ ಊಟಕ್ಕೆ ಕ್ಲಾರಾ ಅವರ ಮನೆಗೆ ಹೋದೆವು. ಹೋಗುವ ಮೊದಲು ಯೋಜನೆಯ ಕಚೇರಿಯ ಮೂಲಕ ಊರಿನಿಂದ ತಂತಿ ಬಂದಿತ್ತು. ಹೆಣ್ಣುಮಗು, ಇಬ್ಬರೂ ಆರಾಮ. ನಾನು ಅಂಗಳದಲ್ಲಿ ನಿಂತು ಅತ್ತೆ. ವಾಲ್ಟರ್ ನನ್ನ ಬೆನ್ನ ಮೇಲೆ ಬಡಿದ ಏಟಿಗೆ ಅಳು ತಾನಾಗಿಯೇ ನಿಂತಿತು.

ಕ್ಲಾರಾ ಅವರದು ಕಡ್ಡಿಯಂಥ ದೇಹ, ಕೋಲೂರಿಕೊಂಡು ನಡೆಯುವವರು. ನಾಲಿಗೆಗೆ ಮಾತ್ರ ಯಾವ ಊರುಗೋಲೂ ಬೇಕಾಗಿರಲಿಲ್ಲ. ಸುದ್ದಿ ಕೇಳಿ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ನೀ ಇಲ್ಲಿ ಮುಟ್ಟಿದ್ದು ನಿಮ್ಮವ್ವಗ ತಿಳದೈತೇನು?"

ಕಾರ್ಡಿನ ಕಥೆ ಹೇಳಿದೆ. ವಾಲ್ಟರ್ ಬಿದ್ದು ಬಿದ್ದು ನಕ್ಕ. ಕ್ಲಾರಾ ನಗಲಿಲ್ಲ. ಒಳಗಿನಿಂದ ವಿಮಾನ ಟಪಾಲಿನ ಕಾಗದ ತರಿಸಿ, ಅಲ್ಲಿಯೇ ನನ್ನಿಂದ ಅವ್ವನಿಗೆ ಬರೆಸಿದರು.

"ನಮ್ಮಜ್ಜ ತಪ್ಪು ಕಡೆ ನಿಂತು ಸತ್ತ," ಎಂದರು. "ಅದನ್ನ ನಾ ಎಂದೂ ಮುಚ್ಚಿ ಹೇಳಿಲ್ಲ. ಆದ್ರ ನಮ್ಮಪ್ಪ ಅದಕ್ಕ ಕೊರಗಲಿಲ್ಲ. ನನಗಂತ ಏನೋ ಮಾಡಿದ್ದ, ಅದು ನನಗ ಮುಟ್ಟಲಿಲ್ಲ, ಅಂತಿದ್ದ."

ಚಹಾದ ತಟ್ಟೆಯ ಮೇಲೆ ವಾಲ್ಟರ್ ಡಬ್ಬಿ ಸುರಿದ. ಹೂಪರ್ ಮಣ್ಣು ಬಿಡಿಸಿದ ಮೇಲೆ ಒರತೆಯ ಗುಂಡನ್ನು ನಾನು ಹಗಲಿನ ಬೆಳಕಿನಲ್ಲಿ ನೋಡಿದ್ದು ಆಗಲೇ. ಮೇಲೆ ದುಂಡಗೆ ನುಣುಪಾದ ತಲೆ, ಕೆಳಗೆ ಸಣ್ಣ ಕಡ್ಡಿ. ಥೇಟ್ ನಮ್ಮೂರ ಗುಡಿಯ ಲಿಂಗ! ತುಕ್ಕು ಹಿಡಿದ ಮೊಳೆಗಳ ನಡುವೆ, ಮೀನಿನ ಗಾಳದ ಪಕ್ಕ! ಯಾವ ಸಿಪಾಯಿ ಇದನ್ನು ಕೆತ್ತಿರಬಹುದು, ಅವನಿಗೆ ಲಿಂಗ ಹೇಗೆ ಗೊತ್ತು ಎಂದು ಕೇಳಿಕೊಳ್ಳುವ ಮೊದಲೇ ಕೈ ತನ್ನ ಕೆಲಸ ಮಾಡಿತ್ತು. ಗುಂಡು ನನ್ನ ಎಡ ಅಂಗೈಯಲ್ಲಿತ್ತು.

ತೂತಿನ ಬಿಲ್ಲೆಯನ್ನು ನೋಡಿದೆ. ಪೀಠ! ಇನ್ನೇನು ಅನುಮಾನ? ಕಡ್ಡಿಯನ್ನು ತೂತಿನೊಳಗೆ ಇಳಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಹೋಗಿ ಕೂತಿತು.

"ಏನ್ ಮಾಡಾಕತ್ತೀಯೋ ತಮ್ಮಾ?" ಎಂದರು ಕ್ಲಾರಾ.

"ಇದು ಲಿಂಗ ಐತ್ರಿ," ಎಂದೆ. "ನಮ್ಮ ದೇವರು. ಇದು ಪೀಠ. ಹಿಂಗ ನಿಲ್ಲಸೂದ್ರಿ."

ತಟ್ಟೆಯ ಮೇಲೆ ನಿಲ್ಲಿಸಿದೆ. ಬಿಲ್ಲೆಯ ಕೆಳಗೆ ಕಡ್ಡಿ ಚಾಚಿಕೊಂಡಿದ್ದರಿಂದ ನಿಲ್ಲಲಿಲ್ಲ, ಮಗ್ಗುಲಾಯಿತು. ಮತ್ತೆ ನಿಲ್ಲಿಸಿದೆ. ಮತ್ತೆ ಬಿದ್ದು, ಬಿಲ್ಲೆಯ ಅಂಚಿನ ಮೇಲೆ ಉರುಳಿ, ಗರ್ರನೆ ಅರ್ಧ ಸುತ್ತು ಹಾಕಿ ಕ್ಲಾರಾ ಅವರ ಬೆರಳಿಗೆ ತಾಗಿ ನಿಂತಿತು.

ಅವರು ಅದನ್ನು ಎತ್ತಿಕೊಂಡರು. ಹಿಂದೆ ಮುಂದೆ ನೋಡಿದರು. ಆಮೇಲೆ ತಲೆಕೆಳಗು ಮಾಡಿ, ಕಡ್ಡಿಯನ್ನು ಎರಡು ಬೆರಳಿನಲ್ಲಿ ಹಿಡಿದು, ತಟ್ಟೆಯ ಮೇಲೆ ಚಿಮ್ಮಿಸಿದರು.

ಬುಗುರಿ!

ಬೆಳ್ಳಗಿನ ಆ ಸೀಸ ಸದ್ದಿಲ್ಲದೆ ತಿರುಗಿತು. ಮೂವರೂ ಬಾಗಿ ನೋಡಿದೆವು. ಅದು ನಿಧಾನವಾಗಿ ತೂಗಿ, ವಾಲಿ, ಮಲಗಿತು. ಕ್ಲಾರಾ ಮತ್ತೆ ತಿರುಗಿಸಿದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಬುಗರಿ ಮಾಡಿದ್ದ," ಎಂದರು. "ವಾಲ್ಟರ್, ಅಪ್ಪಗ ಬುಗರಿ ಮಾಡಿದ್ದ."

ವಾಲ್ಟರ್ ಊಟ ಬಿಟ್ಟು ಹೂಪರರನ್ನು ಕರೆತಂದ. ಅವರು ಭೂತಗನ್ನಡಿಯಲ್ಲಿ ನೋಡಿ, ಕಡ್ಡಿಗೂ ತೂತಿಗೂ ಒಂದೇ ಕೈ ಅಳತೆ ಮಾಡಿದೆ ಎಂದರು. ಕಾಲಾಳು ಎಂದದ್ದನ್ನು ಖುಷಿಯಿಂದಲೇ ಹಿಂದಕ್ಕೆ ತೆಗೆದುಕೊಂಡರು. ಆದರೆ ಪ್ರಾಮಾಣಿಕರು. ಆ ಬೀಡಿನಲ್ಲಿ ಸಾವಿರಾರು ಸಿಪಾಯಿಗಳಿದ್ದರು, ಕೆತ್ತಿದವನು ನಿಮ್ಮ ಅಜ್ಜನೇ ಎಂದು ನಾನು ಹೇಳಲಾರೆ ಎಂದರು.

"ನಾ ಅದನ್ನ ನಿಮ್ಮನ್ನ ಕೇಳೇ ಇಲ್ಲ," ಎಂದರು ಕ್ಲಾರಾ, ಬುಗುರಿಯಿಂದ ಕಣ್ಣು ಕೀಳದೆ. "ಅದೇನಂತ ಕೇಳಿದ್ದೆ. ನೀವು ಹೇಳಿದ್ರಿ."

ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಾರದೇ ಎಂಬ ಮಾತು ಬಂದಾಗ ಕ್ಲಾರಾ ಸಿಟ್ಟಾದರು. ಆಡಲಿಕ್ಕೆ ಮಾಡಿದ್ದನ್ನು ಯಾರೂ ಇನ್ನೂ ಆಡಿಲ್ಲ ಎಂದರು. ನನ್ನ ದೇವರ ವಿಷಯ ಏನಾಯಿತು ಎಂದು ಕೇಳುತ್ತೀರಾ? ನಾಚಿಕೆಯಿಂದ ಕುಗ್ಗಿ ಕೂತಿದ್ದೆ. ವಾಲ್ಟರ್ ನನ್ನ ಎದೆಯ ಮೇಲಿನ ಕರಡಿಗೆಯ ಕಡೆ ಬೆರಳು ಮಾಡಿ, "ಕಾಡಿನ್ಯಾಗ ಹುಡುಕಿ ಕೊಟ್ಟಿದ್ದೂ ಅದs, ಜೋಡಿಸಿ ಕೊಟ್ಟಿದ್ದೂ ಅದs," ಎಂದ. ಅದಾದ ಮೇಲೆ ನಾನೂ ನಕ್ಕೆ.

ಮುಂಬಯಿ

ಹೊರಡುವ ಮೊದಲಿನ ವಾರ ವಾಲ್ಟರ್ ಕೆತ್ತನೆಯಿಲ್ಲದ ಎರಡು ಗುಂಡು ಮತ್ತು ತನ್ನ ಚಾಕು ಕೊಟ್ಟ. ಸಂಜೆ ಸಂಜೆ ಅವನ ಕಟ್ಟೆಯ ಮೇಲೆ ಕೂತು ನನ್ನ ಮಗಳಿಗೊಂದು ಬುಗುರಿ ಕೆತ್ತಿದೆ. ಸೀಸ ಮೆತ್ತಗಿದೆ ಎಂದು ಹೇಳುವುದು ಸುಲಭ. ನನ್ನ ಹೆಬ್ಬೆರಳು ಅದಕ್ಕಿಂತ ಮೆತ್ತಗಿತ್ತು. ಕ್ಲಾರಾ ಬಂದು ನೋಡಿ, ತಮ್ಮ ಅಜ್ಜನ ಕೈ ನನ್ನದಕ್ಕಿಂತ ಎಷ್ಟೋ ವಾಸಿ ಎಂದರು. ಬೀಳ್ಕೊಡುವಾಗ ನನ್ನ ಕೈ ಬಿಡದೆ ಹೇಳಿದರು.

"ಮುಟ್ಟಿದ ಕೂಡ್ಲೆ ಕಾಗದ ಹಾಕು. ನಮ್ಮ ದೇಶದ ಕಾರ್ಡ್ ಒಯ್ದು ಅಲ್ಲಿ ಡಬ್ಬಿಗಿ ಹಾಕಬ್ಯಾಡ ಮತ್ತ."

ಮುಂಬಯಿಯ ಕಸ್ಟಮ್ಸ್ ಅಧಿಕಾರಿ ನನ್ನ ಪೆಟ್ಟಿಗೆಯಲ್ಲಿ ಕೈಯಾಡಿಸಿ ಬಟ್ಟೆಯ ಗಂಟು ಬಿಚ್ಚಿದ. ಇದು ಏನು ಎಂದು ಮರಾಠಿಯಲ್ಲಿ ಕೇಳಿದ. ನಾನು ಸತ್ಯವಂತ, ಬಂದೂಕಿನ ಗುಂಡು ಎಂದೆ. ಮರುಕ್ಷಣವೇ ಇಬ್ಬರು ಪೊಲೀಸರು ನನ್ನ ಅಕ್ಕಪಕ್ಕ ಬಂದು ನಿಂತರು. ಮಾತಿಗಿಂತ ತೋರಿಸುವುದೇ ಮೇಲೆಂದು ಅದನ್ನು ಎತ್ತಿ ಅವನ ಮೇಜಿನ ಮೇಲೆ ತಿರುಗಿಸಿದೆ. ನನ್ನ ಬುಗುರಿ ಕುಡಿದವರಂತೆ ತೂರಾಡುತ್ತಲೇ ತಿರುಗಿತು. ಅಧಿಕಾರಿ ಒಮ್ಮೆ ನೋಡಿದ, ತಾನೂ ಒಮ್ಮೆ ತಿರುಗಿಸಿದ. ಪೊಲೀಸರಲ್ಲಿ ಒಬ್ಬ ಬೆರಳು ಹೀಗಿಡಬೇಕು ಎಂದು ಅವನಿಗೆ ಪಾಠ ಹೇಳಿಕೊಟ್ಟ. ಯಾರಿಗೆ ಇದು ಎಂದು ಕೇಳಿದರು. ಇನ್ನೂ ಮುಖ ನೋಡದ ಮಗಳಿಗೆ ಎಂದೆ. ಪೆಟ್ಟಿಗೆಯನ್ನು ಅವರೇ ಮುಚ್ಚಿಕೊಟ್ಟರು.

ಸಿಂದಗಿ

ಅಗರಖೇಡಕ್ಕೂ ಹೋಗದೆ ನೆಟ್ಟಗೆ ಸಿಂದಗಿಯ ಬಸ್ಸು ಹತ್ತಿದೆ. ಅವ್ವ ಮೊದಲೇ ಅಲ್ಲಿಗೆ ಬಂದು ಕೂತಿದ್ದಳು. ಮಗುವಿಗೆ ಬಸಮ್ಮ ಎಂದು ಹೆಸರಿಟ್ಟಾಗಿತ್ತು. ತೊಟ್ಟಿಲಿನಲ್ಲಿ ಕೈಕಾಲು ಬಡಿಯುತ್ತ ನನ್ನನ್ನು ಯಾರೋ ಪರದೇಶದವನು ಎಂಬಂತೆ ನೋಡಿತು.

"ಇಷ್ಟ ದೂರ ಹೋಗಿ ಕೂಸಿಗೆ ಏನ ತಂದ್ರಿ?" ಎಂದಳು ಶಾಂತಾ.

ಕಂಚಿನ ತಾಟು ತರಿಸಿ ನೆಲದ ಮೇಲಿಟ್ಟು ಬುಗುರಿ ತಿರುಗಿಸಿದೆ. ಶಾಂತಾ ಮಗುವನ್ನು ಎತ್ತಿಕೊಂಡು ಬಾಗಿದಳು. ತಾಟಿನಲ್ಲಿ ಸಣ್ಣಗೆ ಝೇಂಕಾರ ಎದ್ದಿತು. ಬಸಮ್ಮ ಕೈ ಬಡಿಯುವುದನ್ನು ನಿಲ್ಲಿಸಿ ಕಣ್ಣು ಅಗಲ ಮಾಡಿದಳು. ಬುಗುರಿ ವಾಲಿ ಬಿದ್ದಾಗ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಮತ್ತೆ ತಿರುಗಿಸಿದೆ, ಮತ್ತೆ ನಕ್ಕಳು. ಮುಖ ನೋಡುವ ಮೊದಲೇ ಹೋದ ಆ ಸಿಪಾಯಿಗೆ ಸಿಗದ ನಗು ನನಗೆ ಸಿಕ್ಕಿತ್ತು.

"ಸಾಕು, ಸಾಕು, ಬಾಯಾಗ ಹಾಕ್ಕೊಂಡಾಳು," ಎಂದು ಅವ್ವ ಬುಗುರಿಯನ್ನು ಕಸಿದು ಗೂಡಿನ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ನನಗ ಕಾಗದ ಬರಸಿದ ಆ ಮುದುಕಿಗಿ ಮುಟ್ಟಿದ್ದಕ್ಕ ಕಾಗದ ಹಾಕಿದೇನು?"

ಕಾಲು ತೊಳೆಯುವ ಮೊದಲೇ ಬರೆಯಲು ಕೂತೆ. ಹೆಚ್ಚೇನೂ ಬರೆಯಲಿಲ್ಲ. ನಾನು ಮುಟ್ಟಿದೆ, ಬುಗುರಿಯೂ ಮುಟ್ಟಿತು, ಕೂಸು ಆಡಿತು ಎಂದಷ್ಟೇ ಬರೆದು ಟಪಾಲು ಕಚೇರಿಗೆ ಹೋದೆ.